ಹೆರಿಗೆ ಕೋಣೆಯಲ್ಲಿ ಮಾತಾಡುವುದನ್ನೂ ಕಲಿಸಬೇಕು

ಕಾಸರಗೋಡಿನಲ್ಲಿ ನರ್ಸಿಂಗ್ ಮಕ್ಕಳಿಗೆ ಹೆರಿಗೆ ಮಾಡಿಸುವ ವಿದ್ಯೆ, ಅಂದರೆ ಮಿಡ್‌ವೈಫರಿ ಕಲಿಸುವವಳಾಗಿ ಇದನ್ನು ಬರೆಯುತ್ತಿದ್ದೇನೆ. ಇಂಜೆಕ್ಷನ್ ಕೊಡುವುದು, ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಎಂದು ನೋಡುವುದು, ಇದನ್ನೆಲ್ಲ ಬೊಂಬೆಯ ಮೇಲೆ ಮತ್ತೆ ಮತ್ತೆ ಮಾಡಿಸುತ್ತೇವೆ. ಮಾತನ್ನು ಮಾತ್ರ "ಅದು ಅವರವರ ಸ್ವಭಾವ" ಎಂದು ಬಿಟ್ಟುಬಿಡುತ್ತೇವೆ. ನಾನಿದನ್ನು ಒಪ್ಪುವುದಿಲ್ಲ. ತೀರಾ ಸಂಕೋಚದ ಹುಡುಗಿಯರೂ ಅಭ್ಯಾಸ ಮಾಡಿಸಿದರೆ ಧೈರ್ಯವಾಗಿ ಮಾತಾಡುತ್ತಾರೆ.

ರಾತ್ರಿ ಡ್ಯೂಟಿಯ ಒಂದು ಫೋನ್ ತೆಗೆದುಕೊಳ್ಳಿ. "ಡಾಕ್ಟ್ರೇ, ಪೇಷಂಟಿಗೆ ಬ್ಲೀಡಿಂಗ್ ಸ್ವಲ್ಪ ಜಾಸ್ತಿ ಉಂಟು" ಎಂದರೆ ಆ ಕಡೆ ನಿದ್ದೆಗಣ್ಣಲ್ಲಿ ಇರುವವರಿಗೆ ಏನು ಗೊತ್ತಾಗಬೇಕು? ಹೀಗೆ ಹೇಳಿ ನೋಡಿ: "ಮೇಡಂ, ಲೇಬರ್ ರೂಮಿನಿಂದ. ಎರಡನೇ ಹೆರಿಗೆ, ನಾರ್ಮಲ್, ಆಗಿ ಅರ್ಧ ಗಂಟೆ. 600 ಮಿ.ಲೀ. ರಕ್ತ ಹೋಗಿದೆ. ನಾಡಿ 120, ಬಿಪಿ 90/60. ಮಾಸು ಪೂರ್ತಿ ಬಂದಿದೆ, ಆದರೆ ಗರ್ಭಕೋಶ ಮೆತ್ತಗುಂಟು. ಮಸಾಜ್ ಮಾಡ್ತಾ ಇದ್ದೇವೆ, ಆಕ್ಸಿಟೋಸಿನ್ ಡ್ರಿಪ್ ಹೋಗ್ತಾ ಉಂಟು. ನೀವು ಈಗಲೇ ಬರಬೇಕು." (ಆಕ್ಸಿಟೋಸಿನ್ ಎಂದರೆ ಗರ್ಭಕೋಶವನ್ನು ಬಿಗಿ ಮಾಡುವ ಔಷಧಿ.) ಎಸ್‌ಬಿಎಆರ್ ಎಂದು ಕರೆಯುವ ಈ ಕ್ರಮ ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗಳಿಗೆ ಬಂದದ್ದು. ಇದರಲ್ಲಿ ಹೇಳಬೇಕಾದದ್ದು ನಾಲ್ಕು: ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ಈಗ ಏನು ಬೇಕು. ನಮ್ಮ ಮಕ್ಕಳು ಮೊದಲ ಮೂರನ್ನು ಬೇಗ ಕಲಿಯುತ್ತಾರೆ. "ಈಗಲೇ ಬರಬೇಕು" ಎನ್ನಲು ನಾಲಿಗೆ ಏಳುವುದಿಲ್ಲ. ಅದನ್ನು ಕ್ಲಾಸಿನಲ್ಲೇ ಗಟ್ಟಿಯಾಗಿ ಹೇಳಿಸಬೇಕು. ಹಾಗೆಯೇ ಡಾಕ್ಟರ್ ರಕ್ತಸ್ರಾವ ತಡೆಯುವ ಔಷಧಿ ಟ್ರಾನೆಕ್ಸಾಮಿಕ್ ಆಸಿಡ್ ಕೊಡಲು ಹೇಳಿದರೆ "1 ಗ್ರಾಂ, ಐವಿ, 10 ನಿಮಿಷದಲ್ಲಿ ನಿಧಾನಕ್ಕೆ, ಸರಿಯಾ ಮೇಡಂ?" ಎಂದು ತಿರುಗಿ ಹೇಳಿ ಖಚಿತಪಡಿಸಿಕೊಳ್ಳಬೇಕು.

ಇನ್ನು ಹೆರುವವಳ ಹತ್ತಿರ ಆಡುವ ಮಾತು. ಬೇನೆ ಏರುತ್ತಿರುವಾಗ ಪ್ರಶ್ನೆ ಕೇಳಬಾರದು. ಅದು ಇಳಿದ ಮೇಲೆ, "ಅಕ್ಕಾ, ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಅಂತ ಒಳಗೆ ಪರೀಕ್ಷೆ ಮಾಡಿ ನೋಡ್ತೇನೆ, ಆಗಬಹುದಾ? ಸಾಕು ಅಂದ್ರೆ ನಿಲ್ಲಿಸ್ತೇನೆ" ಎನ್ನಲು ಎಷ್ಟು ಹೊತ್ತು ಬೇಕು? ಇಂಥ ಮಾತನ್ನೂ, ಜೊತೆಗೆ ಅವಳಿಗೆ ಬೇಕಾದವರು ಇರುವುದನ್ನೂ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೆರಿಗೆಯ ಆರೈಕೆಯ ಶಿಫಾರಸುಗಳಲ್ಲಿ ಸೇರಿಸಿದೆ. "ಮಗು ಬೇಕು ಅನ್ನುವಾಗ ಇದು ಗೊತ್ತಿರಲಿಲ್ವಾ" ಎಂದು ಗದರುವುದನ್ನು ಈಗಲೂ ಕೇಳುತ್ತೇವಲ್ಲ, ಕೆಲಸದ ಒತ್ತಡ ಎಂಬ ಸಬೂಬು ಅದಕ್ಕೆ ಸಲ್ಲದು.

ನಮ್ಮ ಜಿಲ್ಲೆಯಲ್ಲಿ ಮತ್ತೊಂದು ತೊಡಕುಂಟು. ಪೈವಳಿಕೆ, ಮುಳ್ಳೇರಿಯ ಕಡೆಯಿಂದ ಬರುವ ಎಷ್ಟೋ ಹೆಂಗಸರಿಗೆ ಕನ್ನಡ, ತುಳು ಬಿಟ್ಟರೆ ಬೇರೆ ಮಾತು ಸಲೀಸಲ್ಲ. ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದ ಸಿಸ್ಟರಿಗೆ ಮಲಯಾಳ ಮಾತ್ರ. ನಡುವೆ ಅತ್ತೆ ನಿಂತು ಎರಡೂ ಕಡೆಗೆ ಹೇಳುತ್ತಾರೆ. ಮೊದಲೊಮ್ಮೆ ಗರ್ಭ ಹೋಗಿತ್ತಾ, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ ಎಂಬುದಕ್ಕೆ ಅತ್ತೆಯ ಎದುರು ಸೊಸೆ ನಿಜ ಹೇಳುವುದುಂಟೇ? ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಹಿಂದಿನ ಗರ್ಭಪಾತದ ಸಂಗತಿ ಮುಂದಿನ ಮಗುವಿನ ಜೀವಕ್ಕೇ ಸಂಬಂಧಿಸಿದ್ದು. ಅತ್ತೆ ಬೆನ್ನು ಉಜ್ಜಲಿ, ನೀರು ಕುಡಿಸಲಿ, ಅದು ಬೇಕು. ಈ ಪ್ರಶ್ನೆಗಳನ್ನು ಕೇಳುವಷ್ಟು ಹೊತ್ತು ಮಾತ್ರ ಹೊರಗೆ ಕೂರಲಿ.

ಇಲ್ಲಿಗೆ ವರ್ಗವಾಗಿ ಬರುವ ಪ್ರತಿಯೊಬ್ಬ ಸಿಸ್ಟರಿಗೂ ಲೇಬರ್ ರೂಮಿನ ಡ್ಯೂಟಿಗೆ ಮೊದಲೇ ಈ ಪ್ರಶ್ನೆಗಳನ್ನು ಕನ್ನಡದಲ್ಲೂ ತುಳುವಿನಲ್ಲೂ ಬಾಯಿಪಾಠ ಮಾಡಿಸಿ. ಕಲಿಸಲು ಹೊರಗಿನಿಂದ ಯಾರೂ ಬರಬೇಕಾಗಿಲ್ಲ, ನಮ್ಮ ಆಶಾ ಕಾರ್ಯಕರ್ತೆಯರೇ ಸಾಕು. ಆ ಕೆಲಸಕ್ಕೆ ಅವರಿಗೆ ಸಂಭಾವನೆಯನ್ನೂ ಕೊಡಿ.