ಒಂದು ಬೆರಳು ಅಂದ್ರ ಒಂದ ಬೆರಳು

ಮುಂದಿನ ಕೂದಲಾ ಕತ್ತರಿಸ್ಕೊಳ್ಳಾಕ ಪಾರ್ಲರಿಗೆ ಹೋದಾಗ ಅಲ್ಲಿನಾಕಿಗೆ ಹುಬ್ಬಿನ ಮ್ಯಾಲೆ ಬೆರಳಿಟ್ಟು ತೋರಿಸಿದ್ದೆ. ಬಾಯಿಲೆ ಹೇಳಿದ್ದೆ, ಕೈಲೆ ತೋರಿಸಿದ್ದೆ, ಕನ್ನಡ್ಯಾಗ ನೋಡಿ ಮತ್ತೊಮ್ಮೆ ಹೇಳಿದ್ದೆ. "ಅಕ್ಕಾ, ಹುಬ್ಬಿನ ತನಕ ಬರಬೇಕ್ರೀ. ಒಂದು ಬೆರಳಷ್ಟ ಕಡಿಮಿ ಮಾಡ್ರಿ, ಅದಕ್ಕಿಂತ ಜಾಸ್ತಿ ಬ್ಯಾಡ." "ಹೂಂರೀ, ನೀವ್ ಸುಮ್ನ ಕೂಡ್ರಿ" ಅಂದ್ಲು. ನಾ ಸುಮ್ನ ಕೂತೆ.

ಸ್ಪ್ರೇ ಬಾಟ್ಲಿಲೆ ನೀರು ಹೊಡದು ಮುಂದಿನ ಕೂದಲಾ ಪೂರಾ ತೋಯಿಸಿದ್ಲು. ಹಣಿಗಿಲೆ ಮೂಗಿನ ತನಕ ಜಗ್ಗಿ, ಎರಡು ಬೆರಳ ನಡುವ ಬಿಗಿಯಾಗಿ ಹಿಡದು, ಅಡ್ಡ ಕತ್ರಿ ಇಟ್ಟು ಎರಡು ಸಲ ಕಚಕ್ ಕಚಕ್. ಅಷ್ಟೊತ್ತೂ ಭುಜಕ್ಕೂ ಕಿವಿಗೂ ನಡುವ ಫೋನ್ ಇತ್ತು, ಯಾರ ಜೋಡಿನೋ ಮೆಹೆಂದಿ ರೇಟ್ ಮಾತಾಡ್ಲಿಕತ್ತಿದ್ಲು. ಎದ್ದಾಗ ಕನ್ನಡ್ಯಾಗ ಹುಬ್ಬಿಗೆ ಸರಿಯಾಗೇ ಕಂಡ್ತು. 150 ರೂಪಾಯಿ ಕೊಟ್ಟು ಹೊರಗ ಬಂದೆ. ಏಪ್ರಿಲ್ ತಿಂಗಳು, ವಿಜಯಪುರದ ಬಿಸಿಲು, ಗಾಂಧಿ ಚೌಕ ದಾಟೂದ್ರಾಗ ಕೂದಲಾ ಒಣಗಿತ್ತು. ಮನಿಗೆ ಬಂದು ನೋಡಿದ್ರ ಹುಬ್ಬಿಗೆ ಇರಬೇಕಾದ್ದು ಹಣಿ ನಡುವಿಗೆ ಏರಿತ್ತು. ಎಡಗಡೆ ನನಗ ಹಣಿ ಮ್ಯಾಲೆ ಒಂದು ಸುಳಿ ಐತಿ. ಆ ಕಡಿ ಕೂದಲಾ ಇನ್ನೂ ಮ್ಯಾಲೆ ಎದ್ದು, ಹೊರಗ ತಿರುಗಿ ನಿಂತಿತ್ತು.

ತೋಯ್ದ ಕೂದಲಾ ಹಿಗ್ಗತೈತಿ. ಜಗ್ಗಿ ಹಿಡದ್ರಂತೂ ತನ್ನ ಉದ್ದದ ಮ್ಯಾಲೆ ಮೂರನೇ ಒಂದು ಪಾಲಿನ ಹತ್ರ ಹೆಚ್ಚಿಗಿ ಹಿಗ್ಗಬಹುದು. ಒಣಗಿದ ಮ್ಯಾಲೆ ತನ್ನ ಜಾಗಾಕ್ಕ ತಿರುಗಿ ಬರ್ತೈತಿ. ನನ್ನಂಗ ಅಲೆಅಲೆ ಇರೂ ಕೂದಲಾ ಇನ್ನೂ ಜಾಸ್ತಿ ಮ್ಯಾಲಕ್ಕ ಸೇದ್ಕೋತೈತಿ. ಇದು ನನಗ ಆಮ್ಯಾಲೆ ಗೊತ್ತಾತು, ಆದ್ರ ದಿನಾ ಕತ್ರಿ ಹಿಡಿಯೂ ಕೈಗೆ ಮೊದಲ ಗೊತ್ತಿರಬೇಕಲ್ಲ? ಗೊತ್ತಿದ್ದೂ ಹಂಗ ಮಾಡ್ಯಾಳಂದ್ರ ಬೇಜವಾಬ್ದಾರಿ. ಗೊತ್ತಿಲ್ಲಂದ್ರ ರೊಕ್ಕಾ ಯಾವುದಕ್ಕ ತಗೊಂಡ್ಲು?

ತಲಿ ಕೂದಲಾ ತಿಂಗಳಿಗೆ ಹೆಚ್ಚುಕಡಿಮಿ 1 ಸೆಂಟಿಮೀಟರ್ ಬೆಳೀತೈತಿ. ಜಾಸ್ತಿ ಹೋದದ್ದು 4 ಸೆಂಟಿಮೀಟರ್. ಅಂದ್ರ ನಾಕು ತಿಂಗಳು. ಆಕಿಗೆ ಅದು ಐದು ನಿಮಿಷದ ಕೆಲಸ. ಎಂಟು ದಿನಕ್ಕ ನನ್ನ ತಂಗಿ ನಿಶ್ಚಯ ಇತ್ತು. ಆ ಫೋಟೋದಾಗೆಲ್ಲಾ ನಾ ಕೂದಲಾ ಹಿಂದಕ್ಕ ಒತ್ತಿ, ಎರಡೂ ಕಡಿ ಕಪ್ಪು ಪಿನ್ನಾ ಹಾಕ್ಕೊಂಡು ನಿಂತೀನಿ. ತಂಗಿ ಆಲ್ಬಮ್ ತಂದಾಗೆಲ್ಲಾ ನಾ ಹಾಳಿ ಜಲ್ದಿ ತಿರುವ್ತೀನಿ.

ಮರುದಿನ ಮತ್ತ ಅಲ್ಲಿಗೇ ಹೋಗಿದ್ದೆ. ಜಗಳಾ ಮಾಡಾಕಲ್ಲ. ಏನರ ಸರಿ ಮಾಡಾಕ ಬರ್ತೈತೇನು ಕೇಳೂಣಂತ. "ಅಯ್ಯ ಛಲೋ ಕಾಣಸ್ತಾವಲ್ರೀ" ಅಂದ್ಲು. ಆಮ್ಯಾಲೆ ಕೂದಲಾ ಕೈಯಾಗ ಹಿಡದು, "ನಿಮ್ಮವ ಭಾಳ ಡ್ರೈ ಅದಾವ್ರೀ, ಮನ್ಯಾಗ ಸವಳ ನೀರೇನ್ರೀ? ಸ್ಮೂತ್ನಿಂಗ್ ಮಾಡಿಸಿಬಿಡ್ರಿ, ತಾನ ಕೆಳಗ ಬೀಳ್ತಾವ. ನಿಮಗಂತ 4,500ಕ್ಕ ಮಾಡಿಕೊಡ್ತೀನಿ" ಅಂದ್ಲು.

ನನ್ನ ಹೊಟ್ಟಿ ಉರದಿದ್ದು ಇಲ್ಲಿ. ಕತ್ತರಿಸಿದ್ದು ಆಕಿ, ತಪ್ಪು ನನ್ನ ಕೂದಲದ್ದು ಆತು. ಹೌದು, ನಮ್ಮ ಮನ್ಯಾಗ ಬೋರಿನ ನೀರು. ಸಾಬಾಣಿ ನೊರಿ ಬರಂಗಿಲ್ಲ, ಬಕೆಟ್ಟಿಗೆ ಬೆಳ್ಳಗ ಪದರು ಕಟ್ಟತೈತಿ, ಕ್ಯಾಲ್ಸಿಯಂ ಮೆಗ್ನೀಷಿಯಂ ಕೂದಲಕ್ಕ ಕೂತು ಒರಟು ಮಾಡ್ತಾವ. ಈ ಊರಾಗ ಅರ್ಧಕ್ಕರ್ಧ ಮನಿ ಕತಿ ಇದ. ಆದ್ರ ಹಣಿ ನಡುವ ತನಕ ಕತ್ತರಿಸಿದ್ದು ನೀರಲ್ಲ. ಮ್ಯಾಲೆ ಕೂದಲಾ ನೆಟ್ಟಗ ಮಾಡಾಕ ಆ ಸ್ಮೂತ್ನಿಂಗ್, ಕೆರಾಟಿನ್ ಅಂತ ಹಚ್ಚೂ ಎಷ್ಟೋ ಕ್ರೀಮು ಇಸ್ತ್ರಿ ಕಾವಿಗೆ ಫಾರ್ಮಾಲ್ಡಿಹೈಡ್ ಅನ್ನೂ ವಿಷಗಾಳಿ ಬಿಡ್ತಾವ, ಕಣ್ಣು ಮೂಗು ಉರೀತಾವ. ಫಾರ್ಮಾಲ್ಡಿಹೈಡ್ ಮನುಷ್ಯಾರಿಗೆ ಕ್ಯಾನ್ಸರ್ ತರ್ತೈತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಾಗ ಹೇಳೈತಿ. ಕಿಟಕಿ ಇಲ್ಲದ ಸಣ್ಣ ಏಸಿ ರೂಮಿನಾಗ ಮೂರು ತಾಸು ಅದರ ಹೊಗಿ ಕುಡದು ಕೂಡಬೇಕಂತ. ಕೆಲಸಾ ಮಾಡೂ ಹುಡಿಗ್ಯಾರು ದಿನಾ ಕುಡೀತಾರ, ಅದನ್ನ ನೆನಸ್ಕೊಂಡ್ರ ಆ ಹುಡಿಗ್ಯಾರ ಮ್ಯಾಲೆ ಕನಿಕರಾನೂ ಬರ್ತೈತಿ. ಆ ಡಬ್ಬಿ ಮ್ಯಾಲೆ ಏನು ಬರದೈತಿ ಅಂತ ಅವರಿಗೆ ಯಾರೂ ಓದಿ ಹೇಳಿರಂಗಿಲ್ಲ.

ಆವತ್ತ ನಾ ನಿರ್ಧಾರ ಮಾಡಿದ್ದು. ಮುಂದಿನ ಕೂದಲಾ ಬೆಳೆದ ಮ್ಯಾಲೆ ನಾನ ಕತ್ತರಿಸ್ಕೋತೀನಿ ಅಂತ.

ಮುಂದಿನ ಕೂದಲಾ ಹೆಂಗ ಕತ್ತರಿಸ್ಕೋಬೇಕು ಅಂತ ಫೋನಿನಾಗ ಬರೂ ಮೂವತ್ತು ಸೆಕೆಂಡಿನ ವಿಡಿಯೋಗಳ ಮ್ಯಾಲೂ ನನಗ ಸಿಟ್ಟೈತಿ. ಕೂದಲಾ ಮುಂದ ತರ್ತಾರ, ಹಗ್ಗದಂಗ ತಿರುವಿ ಒಂದ ಏಟಿಗೆ ಕತ್ತರಿಸ್ತಾರ, ಬಿಟ್ಟ ಕೂಡ್ಲೇ ಪರದೆಯಂಗ ಬೀಳ್ತಾವ. ನೆಟ್ಟಗಿನ, ಇಸ್ತ್ರಿ ಹೊಡದ ಕೂದಲಾ ಅವು. ಎಲ್ಲಿಂದ ಎಲ್ಲಿ ತನಕ ಕೂದಲಾ ತಗೋಬೇಕು ಅನ್ನೂದನ್ನ, ಕೆಲಸದಾಗ ಮುಖ್ಯ ಇರೂದನ್ನ, ತೋರಿಸಂಗಿಲ್ಲ. ಅದನ್ನ ನೋಡಿ ನಮ್ಮ ಕಾಲೇಜಿನ ಎಷ್ಟು ಹುಡಿಗ್ಯಾರು ಕಿವಿ ಮ್ಯಾಲಿನ ಕೂದಲಾನೂ ಸೇರಿಸಿ ಕತ್ತರಿಸ್ಕೊಂಡು ಬಂದು ಅತ್ತಾರ.

ನಾ ಕಲಿತದ್ದು ಹೇಳ್ತೀನಿ. ಹಣಿಗಿನ್ನ ನೆತ್ತಿ ಮ್ಯಾಲೆ ಚಪ್ಪಟಿ ಇಟ್ರ ತಲಿ ಮುಂದಕ್ಕ ಎಲ್ಲಿ ಬಾಗತೈತೋ ಅಲ್ಲಿ ಹಣಿಗಿ ಬಿಟ್ಟು ಬರ್ತೈತಿ. ಅಲ್ಲಿಂದ ಎರಡೂ ಹುಬ್ಬಿನ ತುದಿ ನೇರಕ್ಕ ಬೈತಲಿ ತಗದ್ರ ತ್ರಿಕೋನ ಆಗತೈತಿ. ಅಷ್ಟ ಮುಂದಿನ ಕೂದಲಾ. ಉಳಿದದ್ದೆಲ್ಲಾ ಹಿಂದಕ್ಕ ಬಿಗಿಯಾಗಿ ಕಟ್ಟಬೇಕು, ಒಂದೆಳಿ ಈ ಕಡಿ ಬರಬಾರ್ದು. ಕೂದಲಾ ಪೂರಾ ಒಣಗಿರಬೇಕು, ದಿನಾ ಹೆಂಗ ಬೀಳ್ತಾವೋ ಹಂಗ ಬಿದ್ದಿರಬೇಕು. ಜಗ್ಗಬಾರ್ದು. ಮೊದಲ ಸಲ ಹುಬ್ಬಿಗೆ ಹೋಗಬಾರ್ದು, ಮೂಗಿನ ನಡುವ ತನಕ ಸಾಕು. ಕತ್ರಿ ಅಡ್ಡ ಹಿಡಿಯದ, ತುದಿ ಮ್ಯಾಲೆ ಮಾಡಿ ನೆಟ್ಟಗ ಹಿಡದು, ಅಕ್ಕಿಕಾಳಷ್ಟ ಅಕ್ಕಿಕಾಳಷ್ಟ ಕಡಕೋತ ಹೋಗಬೇಕು. ಸುಳಿ ಇದ್ದ ಕಡಿ ಕೂದಲಾ ಒಂದು ಬೆರಳಷ್ಟು ಹೆಚ್ಚಿಗಿ ಉದ್ದ ಬಿಡಬೇಕು, ಅದು ತಾನ ಏರತೈತಿ. ಅಲ್ಲಿಗೆ ಕತ್ರಿ ಕೆಳಗ ಇಟ್ಟುಬಿಡಬೇಕು. ಮರುದಿನ ಎರಕೊಂಡು, ಒಣಗಿಸಿ, ಬೇಕಂದ್ರ ಇನ್ನೊಂದು ಚೂರು.

ಕತ್ರಿ ಬಗ್ಗೆನೂ ಹೇಳ್ಬೇಕು. ಅಡಗಿಮನಿ ಹಾಲಿನ ಪ್ಯಾಕೆಟ್ ಕತ್ತರಿಸೂ ಕತ್ರಿ ಬ್ಯಾಡ. ಮೊಂಡ ಕತ್ರ್ಯಾಗ ಕೂದಲಾ ಕಡಿಯಂಗಿಲ್ಲ, ಮಡಚಿ ಜಾರತೈತಿ, ಕಡದ ತುದಿ ಜಜ್ಜಿ ಎರಡಾಗಿ ಸೀಳತೈತಿ. ನಮ್ಮವ್ವಂದು ಮೀರತ್ತಿನ ಟೇಲರ್ ಕತ್ರಿ ಐತಿ. ಇಪ್ಪತ್ತು ವರ್ಷದ್ದು, ಹಿಡಿ ಹತ್ರ ಆಕಿ ಹೆಬ್ಬೆರಳು ತಿಕ್ಕಿ ತಿಕ್ಕಿ ಬಣ್ಣ ಹೋಗಿ ಹಿತ್ತಾಳಿಯಂಗ ಹೊಳೀತೈತಿ. ಅರಿಬಿ ಬಿಟ್ರ ಅದರಿಂದ ಒಂದು ಕಾಗದಾನೂ ಕತ್ತರಿಸಾಕ ಕೊಡಂಗಿಲ್ಲ. ಕೊಟ್ರೂ ಅದರ ಅಲಗು ಉದ್ದ, ಹಣಿ ಮ್ಯಾಲೆ ಸಣ್ಣ ಕೆಲಸಕ್ಕ ಬರಂಗಿಲ್ಲ. ಅದಕ್ಕ ಶಾಸ್ತ್ರಿ ಮಾರ್ಕೆಟ್ಟಿಗೆ ಹೋಗಿ ಕೂದಲಾ ಕತ್ತರಿಸೂದ ಆರು ಇಂಚಿನ ಕತ್ರಿ 280 ರೂಪಾಯಿಗೆ ತಂದೆ. ಎರಡು ವರ್ಷಾತು. ಅರಿಬ್ಯಾಗ ಸುತ್ತಿ ಇಡ್ತೀನಿ, ಬ್ಯಾರೆ ಯಾವುದಕ್ಕೂ ಮುಟ್ಟಂಗಿಲ್ಲ. ಎರಡು ವರ್ಷದಾಗ ಒಂದು ಸಲಾನೂ ನನ್ನ ಕೂದಲಾ ಹಣಿ ನಡುವಿಗೆ ಏರಿಲ್ಲ.

ಇಷ್ಟ ಆಗಿದ್ರ ನಾ ಬರೀತಿರಲಿಲ್ಲ. ಆದ್ರ ನಾನ ಕತ್ತರಿಸ್ಕೊಂಡೀನಿ ಅಂತ ಗೊತ್ತಾದ ಕೂಡ್ಲೇ ಎಲ್ಲಾರಿಗೂ ಬಾಯಿ ಬರ್ತೈತಿ. ನಮ್ಮ ಅತ್ತಿ ಅಂತಾರ, ಮಂಗಳವಾರ ಬ್ಯಾಡ, ಶುಕ್ರವಾರ ಬ್ಯಾಡ, ಅಮಾಸಿಗೆ ಬ್ಯಾಡ, ದೀಪಾ ಹಚ್ಚಿದ ಮ್ಯಾಲೆ ಬ್ಯಾಡ. ಆತು, ಹಿರ್ಯಾರ ಮಾತು, ಮೀರಂಗಿಲ್ಲ. ಐತವಾರ ಮುಂಜಾನೆ ಬಚ್ಚಲದಾಗ ಹಳೆ ಪೇಪರ್ ಹಾಸಿ ಕತ್ತರಿಸ್ತೀನಿ, ಒಂದೆಳಿ ಬಿಡದ ಬಳಿತೀನಿ. "ಮನ್ಯಾಗ ಕೂದಲಾ ಹಾರಾಡಿದ್ರ ಜಗಳಾ ಆಗತಾವವ್ವಾ" ಅಂತಾರ. ಪಾರ್ಲರಿಗೆ ಶುಕ್ರವಾರನೂ ಹೋಗೀನಿ, ಆಗ ಯಾರೂ ವಾರಾ ಕೇಳಿಲ್ಲ. 2020ರ ಲಾಕ್‌ಡೌನಿನಾಗ ನಮ್ಮ ಮನಿಯವರೂ ನಮ್ಮ ಮೈದುನನೂ ಟ್ರಿಮ್ಮರ್ ತಂದು ಇದ ಪಡಸಾಲ್ಯಾಗ ಒಬ್ಬರಿಗೊಬ್ಬರು ಕಟಿಂಗ್ ಮಾಡಿದ್ರು. ಆಗ ಇದ ಮನ್ಯಾಗ "ಶಾಣ್ಯಾ ಆಗ್ಯಾರ ನೋಡು" ಅಂದ್ರು. ಚಹಾ ಮಾಡಿ ಕೊಟ್ಟಾಕಿ ನಾನ. ಈಗ ನಾ ಕತ್ರಿ ಹಿಡದ್ರ, "ಮುತ್ತೈದಿ ಹೆಣ್ಣಮಗಳು ತನ್ನ ಕೂದಲಕ್ಕ ತಾನ ಕತ್ರಿ ಹಾಕ್ಕೋತಾಳೇನ?" ಅಂತ.

ಅತ್ತಿ ಮ್ಯಾಲೆ ನನಗ ದ್ವೇಷಿಲ್ಲ. ಬಾಚಿದಾಗ ಬಂದ ಕೂದಲಾನೂ ಚೆಲ್ಲಲಾರದಂತ ಕಾಲದಾಕಿ ಆಕಿ. ಸುತ್ತಿ ಉಂಡಿ ಮಾಡಿ, ಹಿತ್ತಲ ಬಾಗಿಲ ಮೊಳಿಗೆ ತೂಗುಹಾಕಿದ ಕ್ಯಾರಿಬ್ಯಾಗಿನಾಗ ತುಂಬಿಡ್ತಾಳ. ಓಣ್ಯಾಗ "ಕೂದಲಾ ಕೊಡ್ರೀ ಕೂದಲಾ" ಅಂತ ಬಂದಾಂವಗ ಕೊಟ್ಟು ಸ್ಟೀಲಿನ ಬಟ್ಟಲಾ ತಗೋತಾಳ. ಅವೆಲ್ಲಾ ಕೊಪ್ಪಳದ ಭಾಗ್ಯನಗರಕ್ಕ ಹೋಗಿ ಬಿಡಿಸಿ, ಬಾಚಿ, ಪರದೇಶಕ್ಕ ಹೋಗ್ತಾವ. ಉದುರಿದ ಕೂದಲಕ್ಕ ಬೆಲಿ ಐತಿ ಅಂತ ತಿಳದಾಕಿ, ತಲಿಮ್ಯಾಲೆ ಇದ್ದದ್ದು ಹೋದಾಗ ನನ್ನ ಸಂಕಟ ಯಾಕ ತಿಳ್ಕೊಳ್ಳಲಿಲ್ಲ ಅನ್ನೂದು ನನ್ನ ನೋವು.

ಈಗ ಇದನ್ನೆಲ್ಲಾ ಬರಿಯಾಕ ಕೂತದ್ದು ಹೋದ ಶನಿವಾರ ಆದದ್ದಕ್ಕ. ಹಿಂದಿನ ಕೂದಲಾ ನನಗ ನಾನ ಕತ್ತರಿಸಾಕ ಬರಂಗಿಲ್ಲ, ತುದಿ ಕವಲು ಒಡೆದಿದ್ವು. ಬ್ಯಾರೆ ಪಾರ್ಲರಿಗೆ ಹೋದೆ. ಕುರ್ಚಿ ಮ್ಯಾಲೆ ಕೂಡೂಕಿಂತ ಮೊದಲ, "ಮುಂದ ಯಾರ್ ಕಟ್ ಮಾಡ್ಯಾರ್ರೀ?" ಅಂದ್ಲು. ನಾನ ಅಂದೆ. "ಅದಕ್ಕ ನೋಡ್ರಿ, ಮನ್ಯಾಗ ಕತ್ತರಿಸಿ ಹಾಳ ಮಾಡ್ಕೊಂಡು ನಮ್ಮ ಕಡಿ ಬರ್ತೀರಿ" ಅಂತ ಬಾಜೂಕಿನ ಕುರ್ಚಿಯಾಕಿಗೆ ಕೇಳೂವಂಗ ಅಂದ್ಲು. ಹಾಳಾಗಿದ್ದಿಲ್ಲ. ಹುಬ್ಬಿಗೆ ಸರಿಯಾಗಿ, ಎರಡೂ ಕಡಿ ಸಮ ಬಿದ್ದಿದ್ವು. ನುಂಗಿಕೊಂಡೆ. "ಹಿಂದ ಎರಡು ಬೆರಳು ಸಾಕ್ರೀ, ಕವಲು ಹೋದ್ರ ಸಾಕು" ಅಂದೆ. ಎರಡು ಬೆರಳು ಎತ್ತಿ ಹಿಡದು ತೋರಿಸ್ದೆ.

ಎದ್ದಾಗ ನೆಲದ ಮ್ಯಾಲೆ ಬಿದ್ದದ್ದು ಒಂದು ಗೇಣು. ನಾ ಬಗ್ಗಿ ಒಂದು ಹಿಡಿ ಎತ್ತಿ ಅಂಗೈ ಮ್ಯಾಲೆ ಇಟ್ಟು ನೋಡಿದೆ. ಹೆಬ್ಬೆರಳಿಂದ ಕಿರುಬೆರಳಿನ ತನಕ ಬಂತು. "ಯು ಶೇಪ್ ಬರಬೇಕಂದ್ರ ಅಷ್ಟು ತಗೀಲೇಬೇಕ್ರೀ" ಅಂದ್ಲು. ಯು ಶೇಪ್ ನಾ ಕೇಳೇ ಇಲ್ಲ! ನಾ ಇನ್ನೂ ಆ ಹಿಡಿ ಕೂದಲಾ ಹಿಡಕೊಂಡಿದ್ದೆ, ಆಕಿ ಕಸಬರಗಿ ತಗೊಂಡು ಉಳಿದದ್ದು ಮೂಲಿಗೆ ಬಳದ್ಲು. ಒಂದು ಗೇಣು ಬೆಳಿಯಾಕ ವರ್ಷದ ಮ್ಯಾಲೆ ಬೇಕು.

ಸಿದ್ಧೇಶ್ವರ ಗುಡಿ ಮುಂದ ಹೂವಿನಾಕಿ ಮೊಳಾ ಅಳಿಯೂ ಮುಂದ ಮೊಣಕೈ ಚೂರು ಮಡಚಿದ್ರ ನಾವು ಬಿಡಂಗಿಲ್ಲ. "ಏ ಯವ್ವಾ, ಕೈ ನೆಟ್ಟಗ ಹಿಡಿ" ಅಂತೀವಿ, ಆಕಿನೂ ನಾಕು ಮೊಗ್ಗು ಹೆಚ್ಚಿಗಿ ಹಾಕತಾಳ. ಜಂಪರ್ ಅರ್ಧ ಇಂಚು ಬಿಗಿ ಆತಂದ್ರ ಟೇಲರ್ ಹೊಲಿಗಿ ಬಿಚ್ಚಿ ಮತ್ತ ಹೊಲದು ಕೊಡ್ತಾನ, ಅದಕ್ಕಂತ ಒಳಗ ಅರಿಬಿ ಬಿಟ್ಟಿರ್ತಾನ. ಹೂವಿಗೆ ಅಳತಿ ಐತಿ, ಅರಿಬಿಗೆ ಅಳತಿ ಐತಿ. ನನ್ನ ತಲಿ ಕೂದಲಕ್ಕ ನಾ ಹೇಳಿದ ಅಳತಿ ಯಾಕಿಲ್ಲ? ಬಿಚ್ಚಿ ಮತ್ತ ಹೊಲಿಯಾಕ ಬಾರದ್ದು ಇದು. ಹೆಚ್ಚಿನ ಎಚ್ಚರಿಕಿ ಇಲ್ಲೇ ಬೇಕಾಗಿತ್ತು. ಕತ್ತರಿಸೂಕಿಂತ ಮೊದಲ ಬೆರಳು ಇಟ್ಟು "ಇಷ್ಟೇನ್ರೀ?" ಅಂತ ಒಂದು ಮಾತು ಕೇಳಾಕ ಎಷ್ಟೊತ್ತು ಬೇಕು? ಕೇಳಿದ್ರ ಆಕಿ ಗಂಟೇನು ಹೋಗತಿತ್ತು? ನಾ 250 ರೂಪಾಯಿ ಕೊಟ್ಟೀನಿ. ಕೊಟ್ಟು, ಅನ್ನಿಸ್ಕೊಂಡು, ಒಂದು ಗೇಣು ಕಳಕೊಂಡು ಬಂದೀನಿ.

ಅಲ್ಲೇ ಯಾಕ ಜಗಳಾ ಮಾಡಲಿಲ್ಲ ಅಂತ ಮನಿಯವರು ಕೇಳಿದ್ರು. ಕುತ್ತಿಗಿಗೆ ಅರಿಬಿ ಕಟ್ಟಿಸ್ಕೊಂಡು, ಕೈ ಒಳಗ ಸಿಕ್ಕಿಸ್ಕೊಂಡು, ಇನ್ನೊಬ್ಬರ ಕೈಯಾಗ ಕತ್ರಿ ಇದ್ದಾಗ ಕೂತಾಕಿಗೆ ಬಾಯಿ ಬರಂಗಿಲ್ಲ. ಕೂತವರಿಗೆ ಗೊತ್ತು ಅದು.

ನಿನ್ನೆ ನನ್ನ ಮಗಳ ಕೂದಲಾ ಕತ್ತರಿಸಿದೆ. ಏಳು ವರ್ಷದಾಕಿ. ಕಣ್ಣಾಗ ಬೀಳ್ತಾವ, ಸಾಲ್ಯಾಗ ಟೀಚರ್ ಬೈತಾರ ಅಂದ್ಲು. ಹೋದ ವರ್ಷ ಆಕಿನ್ನ ಪಾರ್ಲರಿಗೆ ಕರಕೊಂಡು ಹೋದಾಗ, ಸಣ್ಣ ಹುಡುಗಿ ಏನ್ ತಿಳೀತೈತಿ ಅಂತ ಆಕಿನ್ನ ಕೇಳದ ಕಿವಿ ತನಕ ಕತ್ತರಿಸಿದ್ರು, ಎರಡು ದಿನ ಸಾಲಿಗೆ ಹೋಗಂಗಿಲ್ಲ ಅಂತ ಅತ್ತಿದ್ಲು. ನಿನ್ನೆ ಸ್ಟೂಲ್ ಮ್ಯಾಲೆ ಕೂಡ್ರಿಸಿ, ಹಳೆ ಟವೆಲ್ ಸುತ್ತಿ, ಕನ್ನಡಿ ಆಕಿ ಕೈಯಾಗ ಕೊಟ್ಟೆ. "ಎಷ್ಟು ಕತ್ತರಿಸ್ಲೆವ್ವಾ?" ಅಂದೆ. ಕನ್ನಡ್ಯಾಗ ಭಾಳೊತ್ತು ನೋಡಿದ್ಲು. ಆಮ್ಯಾಲೆ ಟವೆಲ್ ಒಳಗಿಂದ ಕೈ ಹೊರಗ ತಗದು, ತನ್ನ ಸಣ್ಣ ಕಿರುಬೆರಳು ಹುಬ್ಬಿನ ಮ್ಯಾಲೆ ಅಡ್ಡ ಇಟ್ಟು, "ಇಷ್ಟ ಅವ್ವಾ, ಇದರ ಮ್ಯಾಲೆ ಬ್ಯಾಡ" ಅಂದ್ಲು. ಆಕಿ ಬೆರಳು ಅಲ್ಲೇ ಇರಲಿ ಅಂದೆ, ಅದರ ಕೆಳಗಿಂದಷ್ಟ ಕತ್ತರಿಸಿದೆ.