ಸೂರ್ಯ ಎಲ್ಲಿದಾನೆ ಸಾರ್?

ಸೂರ್ಯಗ್ರಹಣ ನೋಡೋಕೆ ಅಂತ ಒಂದು ಕನ್ನಡಕ ತರಿಸಿದ್ದೆ. ರಟ್ಟಿನ ಫ್ರೇಮು, ಕನ್ನಡಿಯ ಹಾಗೆ ಹೊಳೆಯುವ ಕಪ್ಪು ಹಾಳೆ. ಸೂರ್ಯನನ್ನು ನೇರವಾಗಿ ನೋಡುವ ಕನ್ನಡಕಗಳ ಸುರಕ್ಷತಾ ಮಾನದಂಡ ಐಎಸ್‌ಒ 12312-2 ಅಂತ ಬರೆದಿದೆಯಾ ಅಂತ ನೋಡಿಕೊಂಡೇ ತರಿಸಿದ್ದು. ಮೊನ್ನೆ ಗ್ರಹಣ ಬಂತು, ಹೋಯಿತು. ಆ ಕನ್ನಡಕ ನನ್ನ ಮೂಗಿನ ಮೇಲೆ ಇದ್ದದ್ದಕ್ಕಿಂತ ಮೇಲಿನ ಮನೆಯ ಯಜಮಾನರ ಮೂಗಿನ ಮೇಲೆ ಇದ್ದದ್ದೇ ಜಾಸ್ತಿ. ಹೊಟ್ಟೆಯುರಿ ಇನ್ನೂ ಆರಿಲ್ಲ.

ಅವರು ಗ್ರಹಣ ನೋಡೋಕೆ ಬಂದವರೇ ಅಲ್ಲ. ಟೆರೇಸಿಗೆ ಸುಮ್ನೆ ಬಂದಿದ್ದರು. "ಇದರಲ್ಲಿ ನೋಡೋದೇನಿದೆ ರೀ? ಚಂದ್ರ ಅಡ್ಡ ಬರ್ತಾನೆ, ಆಮೇಲೆ ಹೋಗ್ತಾನೆ" ಅಂದರು. ಆಸೆ ಇರುವವರು ತಮ್ಮ ಏರ್ಪಾಡು ತಾವೇ ಮಾಡಿಕೊಂಡು ಬರುತ್ತಾರೆ. ಆಸೆಯೇ ಇಲ್ಲ ಅನ್ನುವವರ ಬಗ್ಗೆಯೇ ಹುಷಾರಾಗಿರಬೇಕು.

ಮೊದಲು ಜೇಬಿನಿಂದ ತಮ್ಮ ಕೂಲಿಂಗ್ ಗ್ಲಾಸ್ ತೆಗೆದರು. ನನಗೆ ಗಾಬರಿಯಾಯಿತು. ಗ್ರಹಣದ ಕನ್ನಡಕ ಬೆಳಕಿನ 30,000ದಲ್ಲಿ ಒಂದು ಪಾಲಿನಷ್ಟನ್ನೂ ಒಳಗೆ ಬಿಡುವುದಿಲ್ಲ, ಕೂಲಿಂಗ್ ಗ್ಲಾಸು ಅದರ ಮುಂದೆ ತೆರೆದ ಕಿಟಕಿ ಇದ್ದ ಹಾಗೆ ಅಂತ ವಿವರಿಸಿದೆ. ಕಣ್ಣಿನ ರೆಟಿನಾಗೆ ನೋವು ಗೊತ್ತಾಗುವುದಿಲ್ಲ, ಸುಟ್ಟರೂ ಆ ಹೊತ್ತಿಗೆ ತಿಳಿಯುವುದಿಲ್ಲ ಅಂತಲೂ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಕೇಳಿ, ಕೈ ಚಾಚಿದರು.

"ಹಾಗಾದ್ರೆ ನಿಮ್ಮದನ್ನೇ ಒಂದ್ಸೆಕೆಂಡ್ ಕೊಡಿ."

ಈ ಕನ್ನಡಕ ಹಾಕಿದರೆ ಸೂರ್ಯ ಬಿಟ್ಟು ಬೇರೇನೂ ಕಾಣುವುದಿಲ್ಲ. ಮರವಿಲ್ಲ, ಆಕಾಶವಿಲ್ಲ, ಪಕ್ಕದಲ್ಲಿ ನಿಂತ ಕನ್ನಡಕದ ಮಾಲೀಕನೂ ಇಲ್ಲ. ಯಜಮಾನರು ಹಾಕಿಕೊಂಡು ಮುಖ ಎತ್ತಿದರು. "ಕರೆಂಟ್ ಹೋದ ಹಾಗಿದೆಯಲ್ರೀ" ಅಂದರು. ಎಡಕ್ಕೆ ತಿರುಗಿದರು. ಬಲಕ್ಕೆ ತಿರುಗಿದರು. ನೀರಿನ ಟ್ಯಾಂಕನ್ನು ಬಹಳ ಹೊತ್ತು ದಿಟ್ಟಿಸಿದರು.

"ಸೂರ್ಯ ಎಲ್ಲಿದಾನೆ ಸಾರ್?"

ಸುಮಾರು 14 ಲಕ್ಷ ಕಿಲೋಮೀಟರ್ ಅಗಲದ ವಸ್ತು. ಬೆಳಗ್ಗೆಯಿಂದ ನೆತ್ತಿ ಸುಡುತ್ತಿದೆ. ಅದನ್ನು ಹುಡುಕಲು ಅವರಿಗೆ ದಾರಿ ತೋರಿಸಬೇಕಾಯಿತು. "ಸ್ವಲ್ಪ ಮೇಲೆ ಸಾರ್. ಇನ್ನೂ ಮೇಲೆ. ಈಗ ಎಡಕ್ಕೆ. ಅಯ್ಯೋ, ನನ್ನ ಎಡ ಅಲ್ಲ, ನಿಮ್ಮ ಎಡ." ಕೊನೆಗೆ ಭುಜ ಹಿಡಿದು ನಾನೇ ತಿರುಗಿಸಿದೆ. ತಿರುಗಿಸಿದ ರಭಸಕ್ಕೆ ಸೂರ್ಯನನ್ನು ದಾಟಿ ಆ ಕಡೆ ಹೋದರು. ವಾಪಸ್ ತಂದೆ. ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಕನ್ನಡಕ ತೆಗೆಯದೆಯೇ ಫೋನನ್ನು ಮುಖದ ಹತ್ತಿರ ಹಿಡಿದು, "ಯಾರದು, ಹೆಸರೇ ಕಾಣ್ತಿಲ್ಲ" ಅಂದರು. ನಾನೇ ಓದಿ ಹೇಳಿದೆ. ಅವರ ಹೆಂಡತಿ. ಟೆರೇಸಿನಲ್ಲಿ ಏನು ಮಾಡ್ತಿದ್ದೀರಿ ಅಂತ ಕೇಳಿದರು ಅನ್ನಿಸುತ್ತೆ, "ಗ್ರಹಣ ತೋರಿಸ್ತಾ ಇದೀನಿ, ಇವರಿಗೆ" ಅಂದರು.

ಇವರಿಗೆ!

ಕೊನೆಗೂ ಸೂರ್ಯ ಸಿಕ್ಕ. "ಆಹಾ! ಯಾರೋ ಕಚ್ಚಿದ ಹಾಗಿದೆ!" ಅಂದರು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಒಂದು ಸೆಕೆಂಡಿಗೆ ಅಂತ ಹೋದ ಕನ್ನಡಕ ಗರಿಷ್ಠ ಗ್ರಹಣದ ಹೊತ್ತಿಗೂ ವಾಪಸ್ ಬರಲಿಲ್ಲ. "ಈಗ ಅರ್ಧಕ್ಕಿಂತ ಜಾಸ್ತಿ ಹೋಯ್ತು" ಅಂತ ನನಗೇ ವರದಿ ಒಪ್ಪಿಸುತ್ತಿದ್ದರು. ಕಿತ್ತುಕೊಳ್ಳಲು ವಯಸ್ಸು ಅಡ್ಡ ಬಂತು. ಅವರದು.

ಮೇಲೆ ನೋಡುವ ಹಾಗಿಲ್ಲ, ಹಾಗಾಗಿ ಕೆಳಗೆ ನೋಡಿದೆ. ಟೆರೇಸಿನ ಮೇಲೆ ಚಾಚಿಕೊಂಡಿದ್ದ ಮರದ ನೆರಳಲ್ಲಿ ನೂರಾರು ಪುಟ್ಟ ಸೂರ್ಯರು ಬಿದ್ದಿದ್ದರು. ಒಬ್ಬೊಬ್ಬನೂ ಕುಡುಗೋಲಿನ ಆಕಾರ. ಎಲೆಗಳ ಸಂದಿಯ ಒಂದೊಂದು ತೂತೂ ಸೂರ್ಯನ ಚಿತ್ರ ಮೂಡಿಸುತ್ತದೆ. ದಿನವೂ ಮೂಡಿಸುತ್ತದೆ, ಸೂರ್ಯ ದುಂಡಗಿರುವುದರಿಂದ ನಾವು ಅದನ್ನು ಬರೀ ಬಿಸಿಲ ಚುಕ್ಕೆ ಅಂದುಕೊಂಡಿರುತ್ತೇವೆ. ಬಿಸಿಲಿನ ಬಣ್ಣವೂ ಬದಲಾಗಿತ್ತು. ಸಂಜೆಯ ಹೊಂಬಣ್ಣ ಅಲ್ಲ, ಮೋಡದ ಮಂಕೂ ಅಲ್ಲ. ಗಾಳಿ ತಣ್ಣಗಾಗಿತ್ತು. ಕೂಗಾಡುತ್ತಿದ್ದ ಮಕ್ಕಳೂ ಕೂತು ಆ ಕುಡುಗೋಲುಗಳನ್ನು ಅಂಗೈಯಲ್ಲಿ ಹಿಡಿಯುತ್ತಿದ್ದರು.

ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡವನು, ಸುಮಾರು 400 ಪಟ್ಟು ದೂರವೂ ಇದ್ದಾನೆ. ಅದಕ್ಕೇ ಇಬ್ಬರೂ ನಮ್ಮ ಕಣ್ಣಿಗೆ ಒಂದೇ ಅಳತೆ. ಯಾರೂ ಕೂಡಿಸಿಟ್ಟ ಲೆಕ್ಕವಲ್ಲ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ನಮ್ಮಿಂದ ದೂರ ಸರಿಯುತ್ತಿದ್ದಾನೆ. ಕೋಟ್ಯಂತರ ವರ್ಷಗಳಾದ ಮೇಲೆ ಸೂರ್ಯನನ್ನು ಪೂರ್ತಿ ಮುಚ್ಚಲು ಅವನ ಕೈಲಾಗುವುದಿಲ್ಲ. ಆಗಿನವರಿಗೆ ಖಗ್ರಾಸ ಗ್ರಹಣವೇ ಇಲ್ಲ, ಪಾಪ. ಹೀಗೆ ಯೋಚಿಸುತ್ತಾ ಮನಸ್ಸು ಸ್ವಲ್ಪ ಮೆತ್ತಗಾಗಿತ್ತು. ಅಷ್ಟರಲ್ಲಿ ಯಜಮಾನರು, "ಕೆಳಗೇನು ನೋಡ್ತೀರಿ? ಗ್ರಹಣ ಇರೋದು ಮೇಲೆ" ಅಂದರು.

ಕನ್ನಡಕ ಕೈಗೆ ಬಂದಾಗ ಸೂರ್ಯ ಹೆಚ್ಚುಕಡಿಮೆ ದುಂಡಗಾಗಿದ್ದ. ಒಂದು ಮೂಲೆಯಲ್ಲಿ ಉಗುರಿನಷ್ಟು ಕೊರೆ ಉಳಿದಿತ್ತು.

ರಾತ್ರಿ ವಾಟ್ಸಾಪಿನಲ್ಲಿ ಯಜಮಾನರಿಂದ ಒಂದು ಫೋಟೋ ಬಂತು. ಕಪ್ಪು ಚಂದ್ರ, ಸುತ್ತ ಬೆಳ್ಳಗೆ ಹರಡಿದ ಕರೋನಾ, ಅಂದರೆ ಸೂರ್ಯನ ಹೊರ ವಾತಾವರಣ, ಅಂಚಿನಲ್ಲಿ ಒಂದೇ ಒಂದು ಬೆಳಕಿನ ಚುಕ್ಕೆ ಹೊಳೆಯುವ ವಜ್ರದುಂಗುರ. ಮೊನ್ನೆ ನಮಗೆ ಕಂಡದ್ದು ಸೂರ್ಯ ಪೂರ್ತಿ ಮುಚ್ಚದ ಪಾರ್ಶ್ವ ಗ್ರಹಣ. ಅದರಲ್ಲಿ ಕರೋನಾವೂ ಇಲ್ಲ, ವಜ್ರದುಂಗುರವೂ ಇಲ್ಲ. ಕೆಳಗೆ ಬರೆದಿದ್ದರು: "ನಮ್ಮ ಟೆರೇಸಿನಿಂದ ಕಂಡ ದೃಶ್ಯ. ನೀವು ಕೆಳಗೆ ನೋಡ್ತಾ ಇದ್ರಿ, ಮಿಸ್ ಆಯ್ತು."