ಚೀಲವನ್ನು ಹಿಂಡಬಾರದು

ಬಿಯರಿನ ಬಣ್ಣಕ್ಕೂ ರುಚಿಗೂ ಬೇಕೆಂದು, ತರಿಯಾಗಿ ಒಡೆದ ಕ್ರಿಸ್ಟಲ್ ಮಾಲ್ಟನ್ನೋ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಒಂದು ಬಗೆ) ಹುರಿದ ಬಾರ್ಲಿಯನ್ನೋ ತೆಳುಬಟ್ಟೆಯ ಚೀಲದಲ್ಲಿ ಕಟ್ಟಿ, 65ರಿಂದ 75 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಅರ್ಧ ಗಂಟೆ ಇಳಿಬಿಟ್ಟು ಎತ್ತುವುದು ಮನೆಯಲ್ಲಿ ಬಿಯರ್ ತಯಾರಿಸುವವರ ಪಾಲಿನ ಅತ್ಯಂತ ಸರಳ ಕೆಲಸ. ಚಹಾ ಸೋಸಬಲ್ಲವರೆಲ್ಲ ಇದನ್ನೂ ಮಾಡಬಲ್ಲರು. ಈ ಸರಳತೆಯನ್ನು ಸಹಿಸಲಾಗದ ಮನೆಬಿಯರ್ ಪಂಡಿತವರ್ಗವು ಚೀಲದ ಸುತ್ತ ಒಂದು ದಂಡಸಂಹಿತೆಯನ್ನೇ ರಚಿಸಿದ್ದು, ಅದರಲ್ಲಿ ಅತಿ ಘೋರವಾದ ಅಪರಾಧವೆಂದರೆ ಎತ್ತಿದ ಚೀಲವನ್ನು ಹಿಂಡುವುದು.

ಹಿಂಡಿದರೆ ಸಿಪ್ಪೆಯ ಟ್ಯಾನಿನ್ ಇಳಿದು ಬಿಯರ್ ಒಗರಾಗುತ್ತದೆ ಎಂಬುದು ಆರೋಪ. ಆದರೆ ಟ್ಯಾನಿನ್ ಅತಿಯಾಗಿ ಕರಗುವುದು ನೀರಿನ ಪಿಎಚ್ 6ರ ಆಸುಪಾಸು ದಾಟಿ, ಬಿಸಿಯೂ ಮಿತಿಮೀರಿದಾಗ. ಮುಷ್ಟಿಯ ಬಲಕ್ಕೆ ಹೆದರಿಯಲ್ಲ. ಇಡೀ ಮ್ಯಾಶನ್ನೇ, ಅಂದರೆ ಮಾಲ್ಟನ್ನು ಬಿಸಿನೀರಿನಲ್ಲಿ ಕಲಸಿಟ್ಟು ಅದರ ಪಿಷ್ಟವನ್ನು ಸಕ್ಕರೆಯಾಗಿಸುವ ಕೆಲಸವನ್ನೇ, ಚೀಲದೊಳಗೆ ಮಾಡಿ ಮುಗಿಸುವವರು ದಪ್ಪ ಕೈಗವಸು ತೊಟ್ಟು ಕೊನೆಯ ಹನಿಯವರೆಗೂ ಹಿಂಡುತ್ತಾರೆ, ಮತ್ತು ಆ ಬಿಯರನ್ನು ಪಂಡಿತರೇ ಮೆಚ್ಚಿ ಕುಡಿಯುತ್ತಾರೆ, ಹಿಂಡಿದ ಸಂಗತಿ ಕಿವಿಗೆ ಬೀಳುವವರೆಗೆ.

ನೆನೆಸುವ ನೀರಿನ ಬಿಸಿ ದಾಟಿದರೆ ಟ್ಯಾನಿನ್ ಇಳಿಯುತ್ತದೆಂದು ಎಳೆದ 77 ಡಿಗ್ರಿಯ ಲಕ್ಷ್ಮಣರೇಖೆಯದೂ ಇದೇ ಕಥೆ. ಥರ್ಮಾಮೀಟರ್ 78 ತೋರಿಸಿದ ಕೂಡಲೇ ಮುಖ ಕಪ್ಪಿಡುವ ಈ ಜನರು, ಡಿಕಾಕ್ಷನ್ ಮ್ಯಾಶಿಂಗ್ ಎಂಬ ಹಳೆಯ ಮಧ್ಯಯುರೋಪಿನ ಪದ್ಧತಿಯ ಮುಂದೆ ಮಾತ್ರ ಕೈಮುಗಿದು ನಿಲ್ಲುತ್ತಾರೆ. ಅಲ್ಲಿ ಮ್ಯಾಶಿನ ಒಂದು ಪಾಲನ್ನು ಧಾನ್ಯಸಮೇತ ಹೊರತೆಗೆದು ಕೊತಕೊತ ಕುದಿಸಲಾಗುತ್ತದೆ. ಮ್ಯಾಶಿನ ಆಮ್ಲೀಯತೆಯೇ ಅಲ್ಲಿ ಟ್ಯಾನಿನ್ನಿಗೆ ತಡೆ. ಒಂದು ಹಿಡಿ ಧಾನ್ಯವನ್ನು ಹಂಡೆಯಷ್ಟು ನೀರಿನಲ್ಲಿ ನೆನೆಸಿದರೆ ಆ ತಡೆ ಇರುವುದಿಲ್ಲವಾದ್ದರಿಂದ ಕಡಿಮೆ ನೀರಿನಲ್ಲಿ ನೆನೆಸುವುದು ಲೇಸು. ಇಷ್ಟು ಹೇಳಿದರೆ ಸಾಕಿತ್ತು. ಆದರೆ ಪಿಎಚ್ ಕಾಗದ ಒಂದೂ ಇಲ್ಲದ ಮನೆಯಲ್ಲಿ ಥರ್ಮಾಮೀಟರ್‌ಗಳು ಮಾತ್ರ ಎರಡಿರುತ್ತವೆ, ಒಂದನ್ನು ಇನ್ನೊಂದು ಸುಳ್ಳಾಗಿಸಲು.

ನಿಜವಾದ ತಪ್ಪಿಗೆ ಈ ಸಂಹಿತೆಯಲ್ಲಿ ಕಲಮೇ ಇಲ್ಲ. ಕ್ರಿಸ್ಟಲ್ ಮಾಲ್ಟನ್ನು ತಯಾರಿಸುವಾಗಲೇ ಹಸಿಯಾಗಿ ಬೇಯಿಸಿ, ಕಾಳಿನೊಳಗಿನ ಪಿಷ್ಟವನ್ನು ಸಕ್ಕರೆಯಾಗಿಸಿರುತ್ತಾರೆ. ನೆನೆಸಿದರೆ ಅದು ಕರಗಿ ಬರುತ್ತದೆ. ಓಟ್ಸ್ ಅವಲಕ್ಕಿಗೆ ಆ ಭಾಗ್ಯವಿಲ್ಲ. ಕಿಣ್ವವುಳ್ಳ ಮಾಲ್ಟಿನ ಜೊತೆಯಿಲ್ಲದೆ ನೆನೆಸಿದರೆ ಅದು ಕೊಡುವುದು ಬರಿಯ ಪಿಷ್ಟವನ್ನು, ಅಂದರೆ ಮಬ್ಬನ್ನು. ಹಿಂಡುವುದನ್ನು ನಿಷೇಧಿಸಿದ ಪಂಡಿತರೇ ಬಿಯರಿಗೆ ಮೈ ಬರಲೆಂದು ಚೀಲಕ್ಕೆ ಓಟ್ಸ್ ಸುರಿದು, ಬಂದ ಮಬ್ಬನ್ನು ಶೈಲಿಯೆಂದು ಘೋಷಿಸುತ್ತಾರೆ. ಹೀಗೆ ಧಾನ್ಯ ನೆನೆಸಿ ಮಾಡುವ ಬಿಯರಿನಲ್ಲಿ ಹುದುಗುವ ಸಕ್ಕರೆಯ ಬಹುಪಾಲು ಬರುವುದು ಕಾರ್ಖಾನೆಯ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ (ಮಾಲ್ಟಿನ ಸಿಹಿರಸವನ್ನು ಗಟ್ಟಿಗೊಳಿಸಿದ್ದು) ಡಬ್ಬಿಯಿಂದ ಎಂಬುದನ್ನಂತೂ ಸಭ್ಯರ ಸಭೆಯಲ್ಲಿ ಎತ್ತುವ ಹಾಗಿಲ್ಲ.

ಬಿಯರ್ ಒಗರಾದಾಗ ನಡೆಯುವ ವಿಚಾರಣೆ ನೋಡತಕ್ಕದ್ದು. ಧಾನ್ಯವನ್ನು ಹಿಟ್ಟಾಗುವಂತೆ ಬೀಸಿದಿರಾ, ನೀರು ಎಂಥದು ಎಂದು ಯಾರೂ ಕೇಳುವುದಿಲ್ಲ. ಹಿಂಡಿದಿರಾ ಎಂಬುದೊಂದೇ ಪ್ರಶ್ನೆ. ಇಲ್ಲವೆಂದರೆ, ಎತ್ತುವಾಗ ಚೀಲ ಪಾತ್ರೆಯ ಅಂಚಿಗೆ ಒತ್ತಿರಬೇಕು ಎಂಬ ತೀರ್ಪು ಹೊರಬೀಳುತ್ತದೆ. ಹಿಂಡಿಯೂ ಚೆನ್ನಾಗಿ ಬಂದ ಬಿಯರನ್ನು ಯಾರಾದರೂ ಸಾಕ್ಷ್ಯವಾಗಿ ತಂದಿಟ್ಟರೆ ಪಂಡಿತರು ಅದನ್ನು ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, ನೀವು ಸರಿಯಾಗಿ ಹಿಂಡಿಲ್ಲ ಎನ್ನುತ್ತಾರೆ.